ಖಾಲಿ ಬುಟ್ಟಿ ಹಿಡಿದು ಬಂದವರಿಗೆ

ಕಳೆದ ಶನಿವಾರ ಈ ಹಂಗಾಮಿನ ಕೊನೆಯ ತರಕಾರಿ ಬುಟ್ಟಿ ಹೋಯಿತು. 24 ವಾರ, 62 ಮನೆ. ಇದು ನಮ್ಮ ತೋಟದ ಐದನೇ ವರ್ಷ. ಎಲ್ಲರೂ ಹೋದ ಮೇಲೆ ತೂಕದ ಮೇಜು ಒರೆಸಿ, ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ. ಈ ಬರಹವನ್ನು ಮೂರನೇ ವರ್ಷವೇ ಬರೆಯಬೇಕಿತ್ತು. ಆಗ ಕೈ ಬರಲಿಲ್ಲ. ಈಗ ಬರೆಯುತ್ತಿದ್ದೇನೆ.

ನಮ್ಮದು ಸಮುದಾಯ ಬೆಂಬಲಿತ ಕೃಷಿ. ಗೊತ್ತಿಲ್ಲದವರಿಗಾಗಿ ಎರಡು ಮಾತು. ವರ್ಷದ ಒಟ್ಟು ಖರ್ಚನ್ನು ಮೊದಲೇ ಲೆಕ್ಕ ಹಾಕಿ, ಅದನ್ನು ಪಾಲುಗಳಾಗಿ ಹಂಚುತ್ತೇವೆ. ಸದಸ್ಯರು ಬಿತ್ತನೆಗೆ ಮುಂಚೆಯೇ ಹಣ ಕೊಡುತ್ತಾರೆ. ಆಮೇಲೆ ವಾರ ವಾರ ತೋಟದಲ್ಲಿ ಏನು ಬಂತೋ ಅದರಲ್ಲಿ ಒಂದು ಪಾಲು ಅವರದು. ಜಾಸ್ತಿ ಬಂದರೆ ಜಾಸ್ತಿ, ಕಡಿಮೆ ಬಂದರೆ ಕಡಿಮೆ. ಬೀಜ, ಗೊಬ್ಬರ, ಪೈಪು ಎಲ್ಲ ಕೊಳ್ಳಬೇಕಾದ ಹೊತ್ತಿನಲ್ಲಿ ರೈತನ ಕೈ ಖಾಲಿ ಇರುತ್ತದೆ ಅಲ್ವಾ? ಆ ಹೊತ್ತಿಗೆ ಸಾಲ ಮಾಡದೆ ಇರುವುದು ಎಷ್ಟು ದೊಡ್ಡದು ಅನ್ನುವುದು ಸಾಲ ಮಾಡಿದವರಿಗೇ ಗೊತ್ತು.

ನನ್ನ ಮೊದಲ ನಮಸ್ಕಾರ ನನಗೆ ಕೆಲಸ ಕಲಿಸಿದ ಹಿರಿಯ ರೈತರಿಗೆ. ಎರಡು ಹಂಗಾಮು ಅವರ ತೋಟದಲ್ಲಿ ದುಡಿದೆ. ಸಸಿ ನೆಡುವುದು, ಕಳೆ ತೆಗೆಯುವುದು ಎಲ್ಲಾದರೂ ಕಲಿಯಬಹುದಿತ್ತು. ಹಿಂದಕ್ಕೆ ಎಣಿಸುವುದನ್ನು ಮಾತ್ರ ಅವರೇ ಕಲಿಸಿದರು. ಬುಟ್ಟಿ ಹೋಗುವ ದಿನದಿಂದ ಶುರುಮಾಡಬೇಕು. ಅಲ್ಲಿಂದ ಬೆಳೆ ಬಲಿಯುವ ದಿನ ಕಳೆಯಬೇಕು, ಸಸಿಮಡಿಯ ವಾರಗಳನ್ನು ಕಳೆಯಬೇಕು. ಉಳಿದದ್ದೇ ಬಿತ್ತನೆಯ ದಿನ. ಮೂಲಂಗಿಗೆ ನಾಲ್ಕು ವಾರ ಸಾಕು. ಬೀನ್ಸ್‌ಗೆ 50ರಿಂದ 60 ದಿನ. ಕ್ಯಾರೆಟ್‌ಗೆ ಎರಡೂವರೆ ತಿಂಗಳು. ಅದರಲ್ಲಿ ಮೊಳಕೆ ಬರುವುದಕ್ಕೇ ಕೆಲವು ಸಲ ಎರಡು ವಾರ ಹೋಗುತ್ತದೆ. ಲೆಟಿಸ್ ಪ್ರತಿ ವಾರ ಬುಟ್ಟಿಯಲ್ಲಿರಬೇಕು ಅಂದರೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಬಿತ್ತುತ್ತಲೇ ಇರಬೇಕು. ಹಗಲು ಚಿಕ್ಕದಾಗುವ ಕಾಲದಲ್ಲಿ ಬೆಳೆ ನಿಧಾನ, ಆಗ ಇನ್ನೂ ಒಂದೆರಡು ವಾರ ಸೇರಿಸಬೇಕು. ಈ ಲೆಕ್ಕದ ಹಾಳೆ ಅವರ ಮನೆಯ ಗೋಡೆಯ ಮೇಲೆ ಇರುತ್ತಿತ್ತು. ಮಣ್ಣಿನ ಬೆರಳಚ್ಚು ತುಂಬಿರುತ್ತಿತ್ತು.

"ಮೊದಲ ವರ್ಷ 15 ಮನೆ ಸಾಕು" ಅಂದಿದ್ದರು. ನಾನು 28 ಮನೆ ತೆಗೆದುಕೊಂಡೆ. ಅದು ತಪ್ಪಾಯಿತು. ಅವರು ಒಂದು ದಿನವೂ "ನಾನು ಹೇಳಿರಲಿಲ್ವಾ" ಅನ್ನಲಿಲ್ಲ. ಬದಲಿಗೆ ತಮ್ಮ ಸಸಿಮಡಿಯಿಂದ ಎರಡು ತಟ್ಟೆ ಸಸಿ ತಂದುಕೊಟ್ಟು ಹೋದರು.

ಆ ಮೊದಲ ವರ್ಷ ಇದ್ದವರಿಗೆ ನೆನಪಿರಬಹುದು. ಆರನೇ ವಾರ ಲೆಟಿಸ್ ಬಿಸಿಲಿಗೆ ಹೂಕಾಂಡ ಎತ್ತಿ ಕಹಿಯಾಯಿತು. ಒಂಬತ್ತನೇ ವಾರ ಸೌತೆಕಾಯಿ ಬಿಟ್ಟರೆ ಬೇರೇನೂ ಇರಲಿಲ್ಲ. ಮತ್ತೆ ಮೂರು ವಾರ ಅದೇ. ಹಂಗಾಮು ಮುಗಿದ ಮೇಲೆ ಒಬ್ಬ ಸದಸ್ಯೆ ಎರಡು ಪುಟದ ಪತ್ರ ಬರೆದು ಹೊರಟರು. "ಅರ್ಧ ಬುಟ್ಟಿ ಎಸೆಯುತ್ತಿದ್ದೇನೆ, ಎಸೆಯುವಾಗ ನಿಮ್ಮ ಕೆಲಸ ನೆನಪಾಗಿ ಸಂಕಟವಾಗುತ್ತದೆ" ಅಂತ ಬರೆದಿದ್ದರು. ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ಸುಮ್ಮನೆ ಬಿಟ್ಟುಹೋಗಬಹುದಿತ್ತು, ಹೆಚ್ಚಿನವರು ಹಾಗೇ ಮಾಡುತ್ತಾರೆ. ಅವರು ಕೂತು ಬರೆದರು. ಪೂರ್ತಿ ಬುಟ್ಟಿ ಬೇಡವಾದವರಿಗೆ ಇವತ್ತು ನಮ್ಮಲ್ಲಿರುವ 'ಅರ್ಧ ಪಾಲು' ಅನ್ನುವ ವ್ಯವಸ್ಥೆ ಆ ಪತ್ರದಿಂದ ಬಂದದ್ದು. ಬೇಡವಾದದ್ದನ್ನು ಇಟ್ಟು ಬೇಕಾದದ್ದನ್ನು ತೆಗೆದುಕೊಳ್ಳುವ ಬದಲಿ ಪೆಟ್ಟಿಗೆಯೂ ಅಲ್ಲಿಂದಲೇ ಬಂತು. ಅವರು ಇದನ್ನು ಓದುತ್ತಾರೋ ಇಲ್ಲವೋ, ನನ್ನ ಕೃತಜ್ಞತೆ ಅವರಿಗೆ ಸಲ್ಲಬೇಕು.

ಎರಡನೇ ವರ್ಷದ ಸಭೆ. ನಾನು ಖರ್ಚಿನ ಪಟ್ಟಿ ಓದಿದೆ. ಬೀಜ, ಕಾಂಪೋಸ್ಟ್, ಹನಿ ನೀರಾವರಿ, ಡೀಸೆಲ್, ಪೆಟ್ಟಿಗೆ. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬರು ಹಿಂದಿನ ಸಾಲಿನಿಂದ ಕೈ ಎತ್ತಿ ಕೇಳಿದರು: "ನಿಮ್ಮ ಸಂಬಳ ಎಲ್ಲಿದೆ?"

ಇರಲಿಲ್ಲ. ಉಳಿದರೆ ನನಗೆ ಅಂದುಕೊಂಡಿದ್ದೆ. ಎರಡು ವರ್ಷವೂ ಉಳಿದಿರಲಿಲ್ಲ.

ಅವರು ಮುಂದಿನ ಮೂರು ಭಾನುವಾರ ನಮ್ಮ ಮನೆಗೆ ಬಂದು ನನ್ನ ಗಂಟೆಗಳನ್ನು ಒಂದೊಂದಾಗಿ ಬರೆಸಿದರು. ಟ್ರ್ಯಾಕ್ಟರ್ ಸವಕಳಿ, ರಿಪೇರಿಗೆ ತೆಗೆದಿಡುವ ಹಣ, ಕೆಟ್ಟ ವರ್ಷಕ್ಕೆ ಒಂದು ಗಂಟು, ಎಲ್ಲವನ್ನೂ ಸೇರಿಸಿದರು. ಪಾಲಿನ ಬೆಲೆ ಹತ್ತಿರ ಹತ್ತಿರ ಮೂರನೇ ಒಂದರಷ್ಟು ಏರಿತು. ಆ ಅಂಕಿ ನಿಮ್ಮ ಮುಂದೆ ಇಡುವಾಗ ನನ್ನ ದನಿ ನಡುಗುತ್ತಿತ್ತು. ಮೂರು ಮನೆಯವರು ಬಿಟ್ಟರು. ಉಳಿದವರು ಉಳಿದರು. "ಇಷ್ಟು ದಿನ ನಾವು ಪೂರ್ತಿ ಬೆಲೆ ಕೊಡುತ್ತಿರಲಿಲ್ಲ ಅಂತ ಗೊತ್ತೇ ಇರಲಿಲ್ಲ" ಅಂದವರೂ ಇದ್ದರು. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ನನ್ನನ್ನು ಕೇಳಿದರೆ, ಮಣ್ಣು ಪರೀಕ್ಷೆಗೂ ಮುಂಚೆ ನಿಮ್ಮ ಸಂಬಳದ ಸಾಲನ್ನು ಪಟ್ಟಿಯಲ್ಲಿ ಬರೆಯಿರಿ ಅನ್ನುತ್ತೇನೆ.

ಅದೇ ವ್ಯಕ್ತಿ ನಾಲ್ಕನೇ ವರ್ಷ ಜರ್ಮನಿಯ ಕೆಲವು ತೋಟಗಳಲ್ಲಿ ನಡೆಯುವ ಒಂದು ಪದ್ಧತಿಯನ್ನು ನಮ್ಮ ಸಭೆಗೆ ತಂದರು. ಪ್ರತಿ ಮನೆಯವರೂ ತಮಗೆ ಆಗುವಷ್ಟು ಮೊತ್ತವನ್ನು ಹೆಸರು ಕಾಣದಂತೆ ಚೀಟಿಯಲ್ಲಿ ಬರೆಯುತ್ತಾರೆ. ಒಟ್ಟು ಸಾಲದಿದ್ದರೆ ಇನ್ನೊಂದು ಸುತ್ತು. ನಮಗೆ ಎರಡನೇ ಸುತ್ತಿನಲ್ಲೇ ತುಂಬಿತು. ಯಾರು ಜಾಸ್ತಿ ಬರೆದರು, ಯಾರು ಕಡಿಮೆ ಬರೆದರು ನನಗೆ ಗೊತ್ತಿಲ್ಲ. ಎಷ್ಟೇ ಬರೆದಿದ್ದರೂ ಬುಟ್ಟಿಯ ಅಳತೆ ಅದರಿಂದ ಬದಲಾಗಲಿಲ್ಲ. ಜಾಸ್ತಿ ಬರೆದವರೇ, ನೀವು ಯಾರೇ ಆಗಿರಿ, ನಿಮ್ಮಿಂದ ಕೆಲವು ಮನೆಗಳು ನಮ್ಮೊಂದಿಗೆ ಉಳಿದವು.

ಇನ್ನು ಮೂರನೇ ವರ್ಷ.

ಆಲಿಕಲ್ಲು ಬಿದ್ದದ್ದು ಹನ್ನೆರಡು ನಿಮಿಷ. ಹತ್ತನೇ ವಾರದ ಗುರುವಾರ ಸಂಜೆ. ನಾನು ಶೆಡ್ಡಿನೊಳಗೆ ನಿಂತು ತಗಡಿನ ಸದ್ದು ಕೇಳುತ್ತಿದ್ದೆ. ಹೊರಗೆ ಬಂದಾಗ ಟೊಮೆಟೊ ಸಾಲುಗಳಲ್ಲಿ ಬರೀ ಕಡ್ಡಿ ಕಾಣುತ್ತಿತ್ತು. ಎಲೆಕೋಸಿನ ಮೇಲೆ ತೂತು. ಸೊಪ್ಪಿನ ಮಡಿಗಳು ಯಾರೋ ತುಳಿದು ಹಾಕಿದಂತೆ ಮಣ್ಣಿಗೆ ಅಂಟಿದ್ದವು. ಬೀನ್ಸ್ ಹೂ ಎಲ್ಲ ಕೆಳಗೆ ಬಿದ್ದಿತ್ತು.

ಆ ರಾತ್ರಿ ನಿಮಗೆಲ್ಲ ಸಂದೇಶ ಕಳಿಸಿದೆ. ಮೂರು ಸಲ ಬರೆದು ಅಳಿಸಿದ್ದೆ. ಕೊನೆಗೆ ಇದ್ದದ್ದನ್ನೇ ಬರೆದೆ: ಈ ಶನಿವಾರ ಕೊಡಲು ಏನೂ ಇಲ್ಲ, ಮುಂದಿನ ಎರಡು ವಾರವೂ ಇರುವುದಿಲ್ಲ, ಹಣ ವಾಪಸ್ ಬೇಕಾದವರು ಹೇಳಿ.

ಶನಿವಾರ ಬೆಳಗ್ಗೆ ಗೇಟಿನ ಹತ್ತಿರ ಸದ್ದಾಯಿತು. ನೀವು ಖಾಲಿ ಬುಟ್ಟಿ ಹಿಡಿದು ಬಂದಿದ್ದಿರಿ. 19 ಮನೆಯವರು. ಮಕ್ಕಳೂ ಇದ್ದರು. ಬುಟ್ಟಿ ಯಾಕೆ ಅಂತ ಕೇಳಿದೆ. "ಹರಿದ ಎಲೆ ಹೊರಕ್ಕೆ ಹಾಕಬೇಕಲ್ಲ" ಅಂದಿರಿ.

ಆಲಿಕಲ್ಲಿನ ಗಾಯದಿಂದ ಗಿಡಕ್ಕೆ ಕೊಳೆರೋಗ ಹತ್ತುತ್ತದೆ. ಹರಿದದ್ದನ್ನು ಬೇಗ ತೆಗೆದರೆ, ಗಾಳಿ ಆಡಿ ಗಿಡ ಒಣಗಿದರೆ, ಒಂದಷ್ಟು ಉಳಿಯುತ್ತದೆ. ಒಬ್ಬನೇ ಮಾಡಿದ್ದರೆ ವಾರ ಬೇಕಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನೀವು ಮುಗಿಸಿದಿರಿ. ಸಂಜೆ ಅದೇ ಮಡಿಗಳನ್ನು ಕೆದಕಿ ಮೂಲಂಗಿ ಮತ್ತು ಎಳೆ ಸೊಪ್ಪಿನ ಬೀಜ ಹಾಕಿದೆವು, ಬೇಗ ಬರುವುದು ಅವೇ. ಮಣ್ಣಿನೊಳಗಿದ್ದ ಕ್ಯಾರೆಟ್, ಬೀಟ್‌ರೂಟ್ ಬದುಕಿದ್ದವು. ಎಲೆ ಹೋಗಿದ್ದರಿಂದ ಗೆಡ್ಡೆ ಚಿಕ್ಕದಾಗಿಯೇ ಉಳಿಯಿತು. ಅದನ್ನೂ ನೀವು ಸಂತೋಷದಿಂದ ಒಯ್ದಿರಿ. ಟೊಮೆಟೊ ಬುಡದಿಂದ ಚಿಗುರಿತು, ಹಂಗಾಮಿನ ಕೊನೆಯ ಮೂರು ವಾರ ಹಣ್ಣು ಕೊಟ್ಟಿತು.

ಎರಡು ಮನೆಯವರು ಹಣ ಕೇಳಿದರು. ಕೊಟ್ಟೆವು. ಅವರಿಗೆ ಆ ಹಣ ನಿಜವಾಗಿಯೂ ಬೇಕಿತ್ತು. ಕೇಳಲು ಅವರು ಪಟ್ಟ ಮುಜುಗರ ನೆನೆದರೆ ಈಗಲೂ ಬೇಸರವಾಗುತ್ತದೆ. ಅವರಲ್ಲಿ ಒಂದು ಮನೆ ಈ ವರ್ಷ ಮತ್ತೆ ಸೇರಿದೆ.

ಜಪಾನಿನಲ್ಲಿ 1970ರ ದಶಕದಲ್ಲಿ ರೈತರೂ ಊಟ ಮಾಡುವವರೂ ಸೇರಿ ತೆಯ್‌ಕೆಯ್ ಅನ್ನುವ, ನಮ್ಮದರಂಥದೇ ಪದ್ಧತಿ ಕಟ್ಟಿದರು. 1978ರಲ್ಲಿ ಅಲ್ಲಿನ ಸಾವಯವ ಕೃಷಿ ಸಂಘ ಅದಕ್ಕೆ ಹತ್ತು ತತ್ವಗಳನ್ನು ಬರೆದಿಟ್ಟಿತು. ಕೂಡಿ ಯೋಜಿಸಿ ಬೆಳೆದದ್ದನ್ನು ಪೂರ್ತಿ ಸ್ವೀಕರಿಸಬೇಕು ಅನ್ನುವುದು ಅವುಗಳಲ್ಲಿ ಒಂದು. ಮೊದಲು ಓದಿದಾಗ ಇದು ತಿನ್ನುವವರ ಮೇಲೆ ಹೇರುವ ನಿಯಮ ಅನ್ನಿಸಿತ್ತು. ಆ ಶನಿವಾರದ ಮೇಲೆ ಹಾಗೆ ಅನ್ನಿಸಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರಾಬಿನ್ ವ್ಯಾನ್ ಎನ್ ಅನ್ನುವ ರೈತ ಮಹಿಳೆ ಮತ್ತು ಗೆಳೆಯರು ಇಂಥದೇ ಕೃಷಿಯನ್ನು 1985ರಲ್ಲಿ ಬರೀ ಸೇಬಿನ ಪಾಲಿನಿಂದ ಶುರುಮಾಡಿ, ಮರುವರ್ಷ ತರಕಾರಿಗೆ ಬಂದರಂತೆ. 28 ಮನೆ ತೆಗೆದುಕೊಳ್ಳುವ ಮುಂಚೆ ಇದನ್ನು ಓದಿದ್ದರೆ ಚೆನ್ನಾಗಿತ್ತು.

ಇನ್ನೂ ಹಲವರಿದ್ದಾರೆ. ಕೊಯ್ಲಿನ ದಿನ ಬೆಳಗ್ಗೆ ಐದಕ್ಕೆ ಬರುವ ನಾಲ್ವರು. ಬಿಸಿಲು ಏರುವ ಮುಂಚೆ ಸೊಪ್ಪು ಕೊಯ್ದು ತಣ್ಣೀರಲ್ಲಿ ಅದ್ದದಿದ್ದರೆ ಮಧ್ಯಾಹ್ನಕ್ಕೇ ಬಾಡುತ್ತದೆ. ನಿಮ್ಮಿಂದ ಸೊಪ್ಪು ಮನೆ ಸೇರುವಾಗಲೂ ಗರಿಗರಿಯಾಗಿರುತ್ತದೆ. ತಮ್ಮ ಮನೆಯ ಜಗಲಿಯನ್ನೇ ಬುಟ್ಟಿ ಹಂಚುವ ಜಾಗ ಮಾಡಿಕೊಟ್ಟವರು. ವಾರದ ಚೀಟಿ ಬರೆಯುವ ಶಾಲಾ ಹುಡುಗಿ. ಯಾವ ಬೆಳೆ ಯಾಕೆ ತಡವಾಯಿತು ಅಂತ ಅವಳಷ್ಟು ಸರಳವಾಗಿ ಹೇಳಲು ನನಗೆ ಬರುವುದಿಲ್ಲ. ಮತ್ತು ನನ್ನ ಹೆಂಡತಿ. ಆಲಿಕಲ್ಲಿನ ರಾತ್ರಿ ಅವಳು ಒಂದೂ ಮಾತಾಡದೆ ನಾಳೆಯ ಬಿತ್ತನೆಯ ಹಾಳೆ ತೆಗೆದು ನನ್ನ ಮುಂದೆ ಇಟ್ಟಳು.

ಮುಂದಿನ ಶನಿವಾರ ಬೆಳ್ಳುಳ್ಳಿ ನಾಟಿ ಇದೆ. ಎಸಳುಗಳನ್ನು ಬಿಡಿಸಿ ಇಟ್ಟಿದ್ದೇನೆ, ದೊಡ್ಡವನ್ನೇ ಆರಿಸಿದ್ದೇನೆ. ಮೊನೆ ಮೇಲಕ್ಕೆ, ಬುಡ ಕೆಳಕ್ಕೆ, ಅಷ್ಟು ಗೊತ್ತಿದ್ದರೆ ಸಾಕು. ಮನೆಯಲ್ಲಿ ನಮ್ಮ ಬುಟ್ಟಿ ಉಳಿದಿದ್ದರೆ ಬರುವಾಗ ತನ್ನಿ, ಏಳು ಕಡಿಮೆ ಇವೆ.