ಜಾಹೀರಾತಿನಿಂದ ಹೋಯಿತು, ಇಂಟರ್‌ವ್ಯೂನಲ್ಲಿ ಉಳಿಯಿತು: ಒಂಟಾರಿಯೊ ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಿಮ್ಮ ಇಲಾಖೆಯ ಹೆಸರಿನಲ್ಲಿ ಕಾರ್ಮಿಕ ಅಂತಲೂ ಇದೆ, ವಲಸೆ ಅಂತಲೂ ಇದೆ, ತರಬೇತಿ ಅಂತಲೂ ಇದೆ. ನಾನು ಹೇಳಬೇಕೆಂದಿರುವುದು, ವಲಸೆ ಬಂದವರಿಗೆ ಕೆಲಸ ಕೊಡುವಾಗ "ಕೆನಡಾದ ಅನುಭವ" ಕೇಳುವುದರ ಬಗ್ಗೆ. ಈ ವಿಷಯ ಈ ಮೂರಕ್ಕೂ ಸೇರಿದ್ದು. ಹಾಗಾಗಿ "ಇದು ನಮಗೆ ಬರೋದಿಲ್ಲ, ಬೇರೆ ಇಲಾಖೆಯವರನ್ನು ಕೇಳಿ" ಅನ್ನುವ ಉತ್ತರ ಈ ಸಲ ಬರಲಾರದು ಎಂದುಕೊಂಡಿದ್ದೇನೆ.

ನಾನು ಮಿಸಿಸಾಗದಲ್ಲಿ ಒಂದು ಸಣ್ಣ ಕಂಪನಿ ನಡೆಸುತ್ತೇನೆ. ಮನೆ, ಅಂಗಡಿ, ಸಣ್ಣಪುಟ್ಟ ಕಟ್ಟಡಗಳಿಗೆ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಡುವುದು ನಮ್ಮ ಕೆಲಸ. ನಾನೂ ವಲಸೆ ಬಂದವನೇ. ನಮ್ಮಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಈ ದೇಶಕ್ಕೆ ಹೊಸಬರು. ಲಾಗೋಸ್, ಮನಿಲಾ, ಲಾಹೋರ್, ಟೆಹರಾನ್, ಬೆಂಗಳೂರು, ಹೀಗೆ ಎಲ್ಲೆಲ್ಲಿಂದಲೋ ಬಂದ ಸಿವಿಲ್ ಎಂಜಿನಿಯರುಗಳು. ಓದಿದ ಓದಿಗೆ ತಕ್ಕ ಮೊದಲ ಕೆಲಸ ಅವರಿಗೆ ನಮ್ಮಲ್ಲಿ ಸಿಗುತ್ತದೆ, ಸಂಬಳದ ಸಮೇತ. ಒಂದೆರಡು ವರ್ಷ ಇರುತ್ತಾರೆ, ಆಮೇಲೆ ದೊಡ್ಡ ಕಡೆ ಹೋಗುತ್ತಾರೆ.

ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ತಲುಪಿದೆ. ಇಲ್ಲಿ ಕನ್ನಡದಲ್ಲಿ ಹಾಕುತ್ತಿರುವುದು, ಇಲ್ಲಿಗೆ ಬಂದಿರುವ ಮತ್ತು ಬರುವ ಯೋಚನೆಯಲ್ಲಿರುವ ಕನ್ನಡದವರೂ ಓದಲಿ ಎಂದು. 2022ರಲ್ಲಿ ನೇಪಿಯನ್ ಸಂಸದರಾಗಿದ್ದ ಚಂದ್ರ ಆರ್ಯ ಒಟ್ಟಾವದ ಸಂಸತ್ತಿನಲ್ಲೇ ಕನ್ನಡದಲ್ಲಿ ಮಾತಾಡಿದ್ದರು. ಒಂದು ಪತ್ರಕ್ಕೆ ಯಾರ ಅಡ್ಡಿ ಇರುತ್ತದೆ ಹೇಳಿ.

ಮೊದಲು ಒಳ್ಳೆಯ ಮಾತನ್ನೇ ಹೇಳಿಬಿಡುತ್ತೇನೆ. "ಕೆನಡಾದ ಅನುಭವ ಇದೆಯಾ?" ಎಂಬ ಪ್ರಶ್ನೆಯ ವಿಷಯದಲ್ಲಿ ಈ ಪ್ರಾಂತ್ಯ ಬೇರೆಯವರಿಗಿಂತ ಮುಂಚೆಯೇ ಎದ್ದಿತು. ಹೀಗೆ ಕೇಳುವುದು ಮೇಲ್ನೋಟಕ್ಕೇ ತಾರತಮ್ಯ ಎಂದು ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತು. ವೃತ್ತಿ ಲೈಸೆನ್ಸ್ ಕೊಡುವ ಸಂಸ್ಥೆಗಳು ಹಾಗೆ ಕೇಳಬಾರದು ಎಂದು 2021ರಲ್ಲಿ ಕಾನೂನು ಬಂತು. ಎಂಜಿನಿಯರುಗಳಿಗೆ ಲೈಸೆನ್ಸ್ ಕೊಡುವ ಪ್ರೊಫೆಷನಲ್ ಎಂಜಿನಿಯರ್ಸ್ ಒಂಟಾರಿಯೊ ಸಂಸ್ಥೆ 12 ತಿಂಗಳ ಕೆನಡಾ ಅನುಭವ ಬೇಕೆಂಬ ನಿಯಮವನ್ನು 2023ರ ಮೇನಲ್ಲಿ ಕೈಬಿಟ್ಟಿತು. 48 ತಿಂಗಳ ಅನುಭವ ಈಗಲೂ ಬೇಕು, ಆದರೆ ಅದನ್ನು ಇದೇ ನೆಲದಲ್ಲಿ ಗಳಿಸಿರಬೇಕು ಅಂತಿಲ್ಲ. ಆಮೇಲೆ 2024ರ ಕಾನೂನು. ಅದರಂತೆ 2026ರ ಜನವರಿ 1ರಿಂದ ಕೆಲಸದ ಜಾಹೀರಾತಿನಲ್ಲಾಗಲಿ ಅರ್ಜಿ ಫಾರಂನಲ್ಲಾಗಲಿ ಕೆನಡಾದ ಅನುಭವ ಬೇಕು ಎಂದು ಹಾಕುವಂತಿಲ್ಲ.

ಇದಕ್ಕೆ ನಿಮ್ಮ ಸರ್ಕಾರಕ್ಕೆ ಧನ್ಯವಾದ ಹೇಳಲೇಬೇಕು. ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ.

ಆದರೆ ಕಾನೂನನ್ನು ಇನ್ನೊಂದು ಸಲ ಓದಿ. ಜಾಹೀರಾತು, ಅರ್ಜಿ ಫಾರಂ, ಅಲ್ಲಿಗೆ ಮುಗಿಯಿತು. ಇಂಟರ್‌ವ್ಯೂ ಬಗ್ಗೆ ಒಂದು ಮಾತೂ ಇಲ್ಲ. ಹಿಂದೆ ಜಾಹೀರಾತು ನೋಡಿದಾಗಲೇ ಗೊತ್ತಾಗುತ್ತಿತ್ತು, ನಮ್ಮಂಥವರಿಗಲ್ಲ ಎಂದು ಬಿಟ್ಟುಬಿಡುತ್ತಿದ್ದರು. ಈಗ ಅರ್ಜಿ ಹಾಕುತ್ತಾರೆ, ರಜೆ ಹಾಕಿ ಇಂಟರ್‌ವ್ಯೂಗೆ ಹೋಗುತ್ತಾರೆ, ಎಲ್ಲ ಸರಿಯಾಗಿ ಉತ್ತರಿಸುತ್ತಾರೆ. ಕೊನೆಗೆ ಅದೇ ಪ್ರಶ್ನೆ ಬರುತ್ತದೆ, ಸ್ವಲ್ಪ ನಯವಾಗಿ: "ಇಲ್ಲಿ ಯಾವುದಾದರೂ ಪ್ರಾಜೆಕ್ಟ್ ಮಾಡಿದ್ದೀರಾ? ಇಲ್ಲಿನ ರೆಫರೆನ್ಸ್ ಯಾರಾದರೂ ಇದ್ದಾರಾ?" ಮಾನವ ಹಕ್ಕುಗಳ ನ್ಯಾಯಮಂಡಳಿಗೆ ದೂರು ಕೊಡಬಹುದು, ನಿಜ. ಬಾಡಿಗೆ ಕಟ್ಟಲು ರಾತ್ರಿ ಪಾಳಿ ಮಾಡುವವರು ದೂರು ಹಿಡಿದು ಅಲೆಯುತ್ತಾರಾ?

ಅಷ್ಟಕ್ಕೂ ಈ ಕೆನಡಾ ಅನುಭವದಲ್ಲಿ ಇರುವುದಾದರೂ ಏನು? ನನ್ನ ಕಸುಬಿನ ಮಟ್ಟಿಗೆ ಹೇಳಬಲ್ಲೆ.

ಲಾಗೋಸ್‌ನಿಂದ ಬಂದ ಒಬ್ಬ ಎಂಜಿನಿಯರ್ ನಮ್ಮಲ್ಲಿದ್ದರು. ಹತ್ತಾರು ಅಂತಸ್ತಿನ ಕಾಂಕ್ರೀಟ್ ಕಟ್ಟಡಗಳನ್ನು ಡಿಸೈನ್ ಮಾಡಿದ ಹೆಂಗಸು. ನಾವು ಕೊಟ್ಟ ಮೊದಲ ಕೆಲಸ ಒಂದು ಮನೆಯ ಹಿಂದೆ ಒಂದು ಕೋಣೆ ಸೇರಿಸುವುದು. ಅವರ ಡ್ರಾಯಿಂಗಿನಲ್ಲಿ ಫುಟಿಂಗ್, ಅಂದರೆ ಅಡಿಪಾಯದ ತಳ, ನೆಲದಿಂದ 900 ಮಿಲಿಮೀಟರ್ ಕೆಳಗಿತ್ತು. ನಮ್ಮ ಸೀನಿಯರ್ ಕೆಂಪು ಪೆನ್ನಿನಲ್ಲಿ ಗೀಟು ಎಳೆದು 1.2 ಮೀಟರ್ ಎಂದು ಬರೆದರು. ಯಾಕೆ ಎಂದು ಆ ಎಂಜಿನಿಯರ್ ಕೇಳಿದರು. ದಕ್ಷಿಣ ಒಂಟಾರಿಯೊದಲ್ಲಿ ಚಳಿಗಾಲಕ್ಕೆ ಮಣ್ಣು ಅಷ್ಟು ಆಳದವರೆಗೆ ಹೆಪ್ಪುಗಟ್ಟಬಹುದು. ಮಣ್ಣಿನಲ್ಲಿರುವ ನೀರು ಮಂಜುಗಡ್ಡೆಯಾಗಿ ಉಬ್ಬಿತೆಂದರೆ ಮೇಲಿರುವ ಫುಟಿಂಗನ್ನೇ ಎತ್ತಿಬಿಡುತ್ತದೆ, ಗೋಡೆ ಬಿರುಕು ಬಿಡುತ್ತದೆ. ಅದಕ್ಕೇ ಆ ಆಳ. ಅವರು ಒಂದು ನಿಮಿಷ ಯೋಚಿಸಿ, "ಹಾಗಾದರೆ ಬಿಸಿ ಇಲ್ಲದ ಗ್ಯಾರೇಜಿನ ನೆಲಕ್ಕೂ ಇದೇ ತೊಂದರೆ ಅಲ್ವಾ?" ಎಂದರು. ನೋಡಿ, ಅದು ಅನುಭವ. ಲಾಗೋಸ್‌ನಲ್ಲಿ ಮಣ್ಣು ಹೆಪ್ಪುಗಟ್ಟುವುದಿಲ್ಲ. ಆದರೆ ಮಣ್ಣು ಅಲ್ಲಾಡಿದರೆ ಕಟ್ಟಡಕ್ಕೆ ಏನಾಗುತ್ತದೆ ಎಂಬುದು ಅಲ್ಲಿಯವರಿಗೂ ಚೆನ್ನಾಗಿ ಗೊತ್ತು.

ಮಿಕ್ಕಿದ್ದೂ ಇಂಥದ್ದೇ. ಕಾಂಕ್ರೀಟ್ ಬಿಟ್ಟು ಮರದ ಚೌಕಟ್ಟು. ಕಾಗದದ ಮೇಲೆ ಮೆಟ್ರಿಕ್, ಸೈಟಿನಲ್ಲಿ ಅಡಿ-ಇಂಚು. ಟೂ-ಬೈ-ಸಿಕ್ಸ್, ಅಂದರೆ ಎರಡು ಇಂಚಿಗೆ ಆರು ಇಂಚು, ಎಂದು ಮಾರುವ ಮರ ಅಳೆದರೆ ಒಂದೂವರೆ ಇಂಚಿಗೆ ಐದೂವರೆ ಇಂಚು ಇರುವುದು (ಹೊಸಬರೆಲ್ಲ ಇದನ್ನು ಅಳೆದು ನೋಡಿ ಒಂದು ಸಲ ನಗುತ್ತಾರೆ). ಛಾವಣಿಯ ಮೇಲೆ ಹಿಮದ ಭಾರ ಎಷ್ಟು ಹಿಡಿಯಬೇಕು, ಬಿಲ್ಡಿಂಗ್ ಕೋಡಿನಲ್ಲಿ (ಕಟ್ಟಡ ಕಟ್ಟುವ ನಿಯಮಗಳ ಪುಸ್ತಕ) ಯಾವ ಭಾಗ ಎಲ್ಲಿದೆ, ಸಿಟಿಯ ಪ್ಲಾನ್ ಪರಿಶೀಲಕರು ತಪ್ಪು ತೋರಿಸಿದರೆ ಉತ್ತರ ಹೇಗೆ ಬರೆಯಬೇಕು. ಪಕ್ಕದಲ್ಲಿ ಕೂತು ಹೇಳಿಕೊಡುವವರೊಬ್ಬರು ಇದ್ದರೆ, ಎಂಜಿನಿಯರಿಂಗ್ ಬಲ್ಲವರಿಗೆ ಎರಡು ಮೂರು ತಿಂಗಳಲ್ಲಿ ಕೈಗೆ ಹತ್ತುತ್ತದೆ. ವರ್ಷಗಟ್ಟಲೆ ಬಾಗಿಲಲ್ಲಿ ನಿಲ್ಲಿಸುವಂಥದ್ದು ಇದರಲ್ಲಿ ಏನೂ ಇಲ್ಲ.

ಆ ಎಂಜಿನಿಯರ್ ನಮ್ಮನ್ನು ಬಿಟ್ಟು ದೊಡ್ಡ ಕಂಪನಿಗೆ ಹೋಗುವಾಗ ಅಲ್ಲಿಯ ಮ್ಯಾನೇಜರ್ ನನಗೆ ಫೋನ್ ಮಾಡಿದ್ದರು. "ಹೇಗೆ ಕೆಲಸ ಮಾಡ್ತಾರೆ?" "ಚೆನ್ನಾಗಿ ಮಾಡ್ತಾರೆ, ಬಿಟ್ಟುಕೊಡೋಕೆ ಮನಸ್ಸಿಲ್ಲ." ಮಾತು ಐದು ನಿಮಿಷ ಆಗಿರಲಿಕ್ಕಿಲ್ಲ. ಈ ಕಂಪನಿ ಹಿಂದೊಮ್ಮೆ ಅವರ ಅರ್ಜಿಗೆ ಉತ್ತರವನ್ನೇ ಕೊಟ್ಟಿರಲಿಲ್ಲವಂತೆ. ಲಾಗೋಸ್‌ನ ಅಷ್ಟು ವರ್ಷ ತೂಗಲಿಲ್ಲ, ನನ್ನ ಐದು ನಿಮಿಷ ತೂಗಿತು. ನನಗೆ ಖುಷಿಯಾಯಿತು, ಸಿಟ್ಟೂ ಬಂತು.

ಇನ್ನೊಂದು ಕಡೆಯಿಂದಲೂ ನೋಡಿ. ನುರಿತ ಕೆಲಸಗಾರರಾಗಿ ಕೆನಡಾಕ್ಕೆ ವಲಸೆ ಬರಲು ಹಾಕುವ ಫೆಡರಲ್ ಸ್ಕಿಲ್ಡ್ ವರ್ಕರ್ ಅರ್ಜಿಗೆ 100ರಲ್ಲಿ 67 ಅಂಕ ಬೇಕು. ಅದರಲ್ಲಿ ಕೆಲಸದ ಅನುಭವಕ್ಕೇ 15ರವರೆಗೆ ಅಂಕವಿದೆ, ಆರು ವರ್ಷ ಅಥವಾ ಹೆಚ್ಚು ಇದ್ದವರಿಗೆ ಪೂರ್ತಿ 15. ಹೊರದೇಶದ ಅನುಭವವೂ ಲೆಕ್ಕಕ್ಕೆ ಬರುತ್ತದೆ. ಅಂದರೆ ಯಾವ ಅನುಭವವನ್ನು ನೋಡಿ ಒಳಗೆ ಕರೆದರೋ ಅದೇ ಅನುಭವ ವಿಮಾನ ಇಳಿದ ಮೇಲೆ ಸೊನ್ನೆ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗಾಯಿತು. ಅಂಕ ಕೊಡುವುದು ಒಟ್ಟಾವದ ಕೇಂದ್ರ ಸರ್ಕಾರದ ಕೆಲಸ, ನಿಮ್ಮದಲ್ಲ ಎಂದು ಗೊತ್ತು. ಆದರೆ ಒಂಟಾರಿಯೊ ತನ್ನದೇ ನಾಮಿನಿ ಪ್ರೋಗ್ರಾಂನಲ್ಲೂ ವಲಸೆಗೆ ಜನರನ್ನು ಆರಿಸಿ ಹೆಸರು ಸೂಚಿಸುತ್ತದೆ. ಅದು ನಿಮ್ಮದೇ.

ಈಗ ನಾನು ಕೇಳುವುದಕ್ಕೆ ಬರುತ್ತೇನೆ.

ಜಾಹೀರಾತಿಗೆ ಹಾಕಿದ ನಿಯಮವನ್ನು ಇಂಟರ್‌ವ್ಯೂಗೂ, ಕೆಲಸ ಕೊಡುವ ತೀರ್ಮಾನಕ್ಕೂ ಹಾಕಿ. ಬಿಲ್ಡಿಂಗ್ ಕೋಡ್ ಗೊತ್ತಾ, ಸಾಫ್ಟ್‌ವೇರ್ ಬರುತ್ತಾ ಎಂದು ಕೇಳಲಿ, ಪರೀಕ್ಷೆಯನ್ನೇ ಕೊಡಲಿ. ಅದು ನ್ಯಾಯ. ಯಾವ ದೇಶದಲ್ಲಿ ಕಲಿತದ್ದು ಎಂಬುದು ತೀರ್ಮಾನದಲ್ಲಿ ಬರಬಾರದು.

ಮತ್ತೆ, 2026ರ ನಿಯಮ 25 ಜನಕ್ಕಿಂತ ಕಡಿಮೆ ಇರುವ ಕಂಪನಿಗಳಿಗೆ ಅನ್ವಯಿಸುವುದಿಲ್ಲ. ಅಂದರೆ ನನ್ನಂಥವರಿಗೆ ರಿಯಾಯಿತಿ. ನನಗೆ ಈ ರಿಯಾಯಿತಿ ಬೇಡ. ತೆಗೆದುಹಾಕಿ. ಹೊಸಬರಿಗೆ ಮೊದಲ ಕೆಲಸ ಸಿಗುವುದು ಜಾಸ್ತಿ ಸಣ್ಣ ಕಂಪನಿಗಳಲ್ಲೇ ಎಂಬುದು ನಾನು ಕಂಡದ್ದು. ಬಾಗಿಲು ಇರುವುದೇ ಅಲ್ಲಿ, ನೀವು ಆ ಬಾಗಿಲಿಗೇ ವಿನಾಯಿತಿ ಕೊಟ್ಟಿದ್ದೀರಿ. ಸಣ್ಣವರಿಗೆ ಕಾಗದಪತ್ರದ ಹೊರೆ ಜಾಸ್ತಿ ಆಗುತ್ತದೆ ಎಂಬ ವಾದ ಜಾಹೀರಾತಿನಲ್ಲಿ ಸಂಬಳದ ಶ್ರೇಣಿ ಹಾಕುವುದು, ದಾಖಲೆ ಇಡುವುದು ಇಂಥ ನಿಯಮಗಳಿಗೆ ಹೊಂದಬಹುದು. ಜಾಹೀರಾತಿನಲ್ಲಿ ಒಂದು ಸಾಲು ಬರೆಯದೇ ಇರುವುದು ಯಾವ ಹೊರೆ?

ಹೊರೆ ನಿಜಕ್ಕೂ ಬೇರೆ ಕಡೆ ಇದೆ. ಹೊಸಬರ ಪಕ್ಕದಲ್ಲಿ ಕೂರುವ ಸೀನಿಯರ್‌ನ ಸಮಯ. ಆ ಎರಡು ಮೂರು ತಿಂಗಳು ಅವರ ಅರ್ಧ ದಿನ ಇದಕ್ಕೇ ಹೋಗುತ್ತದೆ, ಅದರ ಬಿಲ್ಲನ್ನು ಯಾವ ಗ್ರಾಹಕನಿಗೂ ಕಳಿಸಲು ಬರುವುದಿಲ್ಲ. ಕಲಿತವರು ಹೋಗಿಬಿಡುತ್ತಾರೆ. ಲೆಕ್ಕ ಹಾಕಿದ ಮಾಲೀಕರು ಹಿಂಜರಿದರೆ ನಾನು ಬೈಯಲಾರೆ. ರೆಸ್ಯೂಮೆ ಬರೆಯುವ ತರಗತಿ, ಇಂಟರ್‌ವ್ಯೂ ತರಗತಿಗಳಿಗೆ ಸರ್ಕಾರದ ದುಡ್ಡು ಹೋಗುತ್ತದೆ, ಬೇಡ ಅನ್ನುವುದಿಲ್ಲ. ಆದರೆ ನಮ್ಮಲ್ಲಿಗೆ ಬರುವವರಲ್ಲಿ ಮೂರು ಕಡೆ ರೆಸ್ಯೂಮೆ ತಿದ್ದಿಸಿಕೊಂಡವರು ಇದ್ದಾರೆ, ಇಲ್ಲಿನ ಒಂದು ಡ್ರಾಯಿಂಗನ್ನೂ ಮುಟ್ಟಿಲ್ಲ. ಆ ದುಡ್ಡಿನಲ್ಲಿ ಒಂದು ಪಾಲನ್ನು ಆ ಸೀನಿಯರ್‌ನ ಗಂಟೆಗಳಿಗೆ ಕೊಡಿ. ಒಂದು ವರ್ಷದ ನಂತರ ಆ ಹೊಸಬರು ಓದಿದ ಕೆಲಸದಲ್ಲೇ ಇದ್ದಾರಾ ಎಂದು ನೋಡಿ, ಆಮೇಲೆ ಕೊನೆಯ ಕಂತು ಕೊಡಿ. ಗಂಟೆಗೆ 17.60 ಡಾಲರಿನ ಕನಿಷ್ಠ ಕೂಲಿಗೆ ಗೋದಾಮಿನಲ್ಲಿ ಡಬ್ಬ ಎತ್ತುವುದನ್ನೂ "ಕೆಲಸ ಸಿಕ್ಕಿತು" ಎಂದು ಲೆಕ್ಕಕ್ಕೆ ಸೇರಿಸಬೇಡಿ. ಆ ಕೆಲಸ ಕೀಳು ಎಂದಲ್ಲ. ಆದರೆ ಎಂಜಿನಿಯರ್ ಬೇಕು ಎಂದು ಕರೆಸಿಕೊಂಡದ್ದು ಅದಕ್ಕಲ್ಲವಲ್ಲ.

ನಮ್ಮ ಪೈಕಿಯವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಸರಿಯಾಗುವುದಿಲ್ಲ. "ಮೂರು ತಿಂಗಳು ಸುಮ್ನೆ ಬನ್ನಿ, ಅನುಭವದ ಪತ್ರ ಕೊಡ್ತೀವಿ" ಎನ್ನುವ ಮಾಲೀಕರು ಇದ್ದಾರೆ. ಅವರಲ್ಲಿ ವಲಸೆ ಬಂದವರೇ ಎಷ್ಟೋ ಜನ. ನಮ್ಮ ಭಾಷೆಯಲ್ಲೇ ಮಾತಾಡಿ, ಮನೆಯವರ ಹಾಗೆ ವಿಚಾರಿಸಿಕೊಂಡು, ಪುಕ್ಕಟೆ ಕೆಲಸ ಮಾಡಿಸಿಕೊಳ್ಳುತ್ತಾರೆ. ಸಹಾಯಧನ ಕೊಡುವುದಾದರೆ ಇಂಥವರ ಕೈಗೆ ಮೊದಲು ಸಿಗದ ಹಾಗೆ ನೋಡಿಕೊಳ್ಳಿ. ಸಂಬಳದ ಚೀಟಿ ನೋಡದೆ ಒಂದು ಡಾಲರೂ ಕೊಡಬೇಡಿ, ನನಗೂ ಸೇರಿಸಿ ಹೇಳುತ್ತಿದ್ದೇನೆ. ನಾನು ಧರ್ಮಕ್ಕೆ ಮಾಡುತ್ತಿಲ್ಲ. ಅನುಭವಸ್ಥರು ಸಿಗುತ್ತಾರೆ, ಕೆಲಸ ಚೆನ್ನಾಗಿ ಆಗುತ್ತದೆ, ಕಂಪನಿ ಬೆಳೆದದ್ದೇ ಹೀಗೆ.

ಕೊನೆಯದು, ಖರ್ಚೇ ಇಲ್ಲದ ಕೆಲಸ. ಎಂಜಿನಿಯರ್ ಲೈಸೆನ್ಸ್ ಬರುವ ಮೊದಲೇ ಒಂಟಾರಿಯೊದ ಬಿಲ್ಡಿಂಗ್ ಕೋಡ್ ಪರೀಕ್ಷೆ ಬರೆದು, ಮನೆ ಮತ್ತು ಸಣ್ಣ ಕಟ್ಟಡಗಳ ಡಿಸೈನರ್ ಆಗಿ ಅರ್ಹತೆ ಪಡೆಯಬಹುದು. ಹಾಗೆ ಅರ್ಹತೆ ಪಡೆದವರಿಗೆ ಸಿಗುವ ನಂಬರನ್ನೇ ನಮ್ಮ ಕಸುಬಿನವರು ಬಿಸಿಐಎನ್ ಎನ್ನುವುದು. ನಮ್ಮಲ್ಲಿ ಎಷ್ಟೋ ಹೊಸಬರಿಗೆ ಇಲ್ಲಿ ಕಾಲೂರಲು ಜಾಗ ಕೊಟ್ಟದ್ದು ಅದೇ. ಆದರೆ ಬರುವಾಗಲೇ ಇದರ ಹೆಸರು ಕೇಳಿದವರು ಅಪರೂಪ. ನಾಮಿನೇಷನ್ ಪತ್ರದ ಜೊತೆ ಆಯಾ ವೃತ್ತಿಯವರಿಗೆ ಇಂಥ ದಾರಿಗಳನ್ನು ಹೇಳುವ ಒಂದು ಹಾಳೆ ಸೇರಿಸಿ. ಬರೆದುಕೊಡುವವರು ಬೇಕಿದ್ದರೆ ನಮ್ಮ ಕಸುಬಿನದನ್ನು ನಾವೇ ಬರೆದುಕೊಡುತ್ತೇವೆ, ದುಡ್ಡು ಬೇಡ.

ನಿಮ್ಮ ಹೊಸ ಕಾನೂನಿನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ನಿಯಮವಿದೆ. ಇಂಟರ್‌ವ್ಯೂ ಮಾಡಿದ ಅಭ್ಯರ್ಥಿಗೆ, ತೀರ್ಮಾನ ಆಗಿದೆಯೋ ಇಲ್ಲವೋ ಎಂದು 45 ದಿನದೊಳಗೆ ತಿಳಿಸಲೇಬೇಕು. ಈ ಪತ್ರಕ್ಕೂ ಅಷ್ಟೇ ಗಡುವು ಇಟ್ಟುಕೊಳ್ಳಿ. "ಆಗುವುದಿಲ್ಲ" ಎಂದರೂ ಪರವಾಗಿಲ್ಲ, ಯಾವುದು ಆಗುವುದಿಲ್ಲ, ಯಾಕೆ ಎಂದು ತಿಳಿಸಿ.

ಇಂತಿ,
ಮಿಸಿಸಾಗದ ಒಬ್ಬ ಸಣ್ಣ ಕಂಪನಿಯ ಮಾಲೀಕ