ಮರಿ ಬಿಟ್ಟ ವಾರಕ್ಕೇ ತೂಬು ಎತ್ತಿದರೆ ಹೇಗೆ?

ಮಾನ್ಯ ಸಂಪಾದಕರೇ,

ದೊಡ್ಡ ಕೆರೆಯಲ್ಲಿ ಬಲೆ ಬೀಸಿಯೇ ಬದುಕಿದವನು ನಾನು. ಈ ಸಲವೂ ಲಾರಿಯಲ್ಲಿ ಮೀನುಮರಿ ಬಂದವು. ಚೀಲ ಬಿಚ್ಚಿದರು, ಸುರಿದರು, ಫೋಟೊ ತೆಗೆಸಿಕೊಂಡು ಹೊರಟರು. ಚೀಲವನ್ನು 15–20 ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ನೀರೂ ಕೆರೆಯ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಿಚ್ಚಬೇಕು, ಅಲ್ವಾ? ಮರಿಗಳೋ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು. ಬೆರಳುದ್ದ ಬಲಿತ ಮರಿಯಾದರೆ ಉಳಿಯುವುದು ಜಾಸ್ತಿ. ಇವು ದೊಡ್ಡ ಮೀನುಗಳಿಗೆ ಸುಮ್ನೆ ಹಾಕಿದ ಮೇವು.

ವಾರ ಕಳೆಯುವುದರೊಳಗೆ ತೂಬು ಎತ್ತಿದರು. ನಾಲ್ಕೇ ದಿನದಲ್ಲಿ ನೀರು ಮೊಳದಷ್ಟು ಇಳಿಯಿತು. ತೂಬಿಗೆ ಜಾಲರಿ ಇಲ್ಲ. ಬಿಟ್ಟ ಮರಿಗಳೇ ಕಾಲುವೆಯಲ್ಲಿ ಮಿಣಮಿಣ ಹೊಳೆಯುತ್ತಿದ್ದವು. ದಡದಲ್ಲಿ ಒಂದು ಜೊಂಡಿನ ಕಡ್ಡಿ ಕಿತ್ತು ನೋಡಿದೆ. ಸಾಸಿವೆಯಷ್ಟು ಮೊಟ್ಟೆಗಳು ಅಂಟಿಕೊಂಡು, ಬಿಸಿಲಿಗೆ ಒಣಗಿ ಬೆಳ್ಳಗಾಗಿದ್ದವು. ಸಾಮಾನ್ಯ ಗೆಂಡೆ ಮೊಟ್ಟೆಯಿಡುವುದೇ ಹೀಗೆ, ಅಂಚಿನ ಗಿಡಗಂಟಿಗೆ. ಬೆಚ್ಚನೆಯ ನೀರಲ್ಲಿ 3–4 ದಿನ ಸಿಕ್ಕಿದ್ದರೆ ಮರಿಯಾಗುತ್ತಿದ್ದವು. ಕಾಸು ಖರ್ಚಿಲ್ಲದ ಮರಿ!

ರೋಹು, ಕಾಟ್ಲಾ ಮಾತು ಬೇರೆ. ನಿಂತ ನೀರಲ್ಲಿ ಅವು ಮರಿ ಮಾಡುವುದಿಲ್ಲ, ಹರಿಯುವ ಹೊಸ ನೀರು ಬೇಕು. ಅದಕ್ಕೇ ವರ್ಷವರ್ಷ ತಂದು ಬಿಡಬೇಕು.

ಹೊಲಕ್ಕೆ ನೀರು ಬೇಡ ಅನ್ನುತ್ತಿಲ್ಲ. ನನ್ನ ತಮ್ಮನೂ ರೈತನೇ, ಮನೆಯಲ್ಲಿ ದಿನಾ ಇದೇ ಜಗಳ. ಒಂದೇ ಸಲ ಎಳೆಯುವ ಬದಲು ದಿನಕ್ಕಿಷ್ಟು ಅಂತ ನಿಧಾನವಾಗಿ ಇಳಿಸಲಿ. ಮರಿ ಬಿಡುವವರು ತೂಬಿನವರಿಗೆ ಮೊದಲೇ ಒಂದು ಫೋನ್ ಮಾಡಲಿ. ಜಾಲರಿಯನ್ನಂತೂ ಈಗಲೇ ಹಾಕಿಸಲಿ.

– ಒಬ್ಬ ಮೀನುಗಾರ