ಸಾಕುಮೊಲಗಳನ್ನು ಕೆರೆ ಏರಿಗೆ ಬಿಡಬೇಡಿ

ಮಾನ್ಯರೇ,

ಸಾಕಿ ಬೇಸರವಾದ ಮೊಲಗಳನ್ನು ಕುಂದವಾಡ ಕೆರೆ ಬಳಿಯೋ ಹೊಲದ ಬದುವಿನಲ್ಲೋ ಬಿಟ್ಟರೆ ಅವು ಕಾಡುಮೊಲದಂತೆ ಬದುಕುವುದಿಲ್ಲ; ನಾಯಿಗಳ ಪಾಲು. ಬೇರೆಯವರಿಗೆ ಕೊಡುವುದೇ ದಾರಿ. ಮೊದಲು ಗಂಡೋ ಹೆಣ್ಣೋ ಎಂದು ಪಶುವೈದ್ಯರಿಂದ ಖಚಿತಪಡಿಸಿಕೊಳ್ಳಿ. ‘ಎರಡೂ ಹೆಣ್ಣು’ ಎಂದು ಕೊಟ್ಟ ಜೋಡಿ ಸುಮಾರು 31 ದಿನಕ್ಕೆ ಮರಿ ಹಾಕುವುದುಂಟು, ಈದ ದಿನವೇ ಮತ್ತೆ ಗಬ್ಬವಾಗುವುದೂ ಉಂಟು. ಪುಕ್ಕಟೆ ಎಂದರೆ ಮಾಂಸಕ್ಕೆ ಒಯ್ಯುವವರೂ ಬರುತ್ತಾರೆ. ಮನೆ ನೋಡಿಯೇ ಕೊಡಿ. ತಗಡಿನ ಶೀಟಿನ ಕೆಳಗೆ ಗೂಡಿಟ್ಟಿದ್ದರೆ ಬೇಡವೇ ಬೇಡ, ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅವು ತಡೆಯವು. ಜೊತೆಗೆ ಅವು ಈವರೆಗೆ ತಿನ್ನುತ್ತಿದ್ದ ಮೇವನ್ನೇ ಹತ್ತು ದಿನಕ್ಕಾಗುವಷ್ಟು ಕಳಿಸಿ. ಮೇವು ಏಕಾಏಕಿ ಬದಲಾದರೆ ಕರುಳಿನ ಚಲನೆ ನಿಲ್ಲಬಹುದು. 12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ತಕ್ಷಣ ಪಶು ಆಸ್ಪತ್ರೆಗೆ ಒಯ್ಯಬೇಕು.

– ಮೊಲ ಸಾಕುವ ಕೆಲವರು, ದಾವಣಗೆರೆ